ಉರಿಮೂತ್ರಕ್ಕೆ ಮೂರು ಮಾತ್ರೆ

ನಮ್ಮ ಬಡಾವಣೆಯ ಮೆಡಿಕಲ್ ಶಾಪಿನ ಹುಡುಗನ ಕೈಗುಣ ದೊಡ್ಡ ದೊಡ್ಡ ತಜ್ಞರಿಗೂ ಇಲ್ಲ. ಮೊನ್ನೆ ಸಂಜೆ ನನ್ನ ಮುಂದೆ ನಿಂತಿದ್ದ ಹೆಂಗಸೊಬ್ಬರು ದನಿ ತಗ್ಗಿಸಿ "ಉರಿಮೂತ್ರ" ಎಂದರು. ಜ್ವರ ಇದೆಯೇ, ಗರ್ಭಿಣಿಯೇ, ಸಕ್ಕರೆ ಕಾಯಿಲೆ ಇದೆಯೇ ಎಂಬ ಅಧಿಕಪ್ರಸಂಗದ ಪ್ರಶ್ನೆಗಳೇ ಇಲ್ಲ. ಹುಡುಗ ಕೇಳಿದ್ದು ಒಂದೇ: "ಎಷ್ಟು ಕೊಡಲಿ?"

"ಮೂರು ಸಾಕಪ್ಪಾ."

ಡ್ರಾಯರಿನಿಂದ ಕತ್ತರಿ ಬಂತು. ಸೆಫಿಕ್ಸಿಮ್ ಎಂಬ ಆಂಟಿಬಯೋಟಿಕ್ಕಿನ ಹತ್ತು ಮಾತ್ರೆಗಳ ಸ್ಟ್ರಿಪ್ಪಿನಿಂದ ಮೂರು ಕಚಕ್ಕೆಂದು ಬೇರೆಯಾದವು. ಔಷಧದ ಹೆಸರೂ ಎಕ್ಸ್‌ಪೈರಿ ತಾರೀಕೂ ಅಂಗಡಿಯಲ್ಲೇ ಉಳಿದವು. ಅಂಚಿನ ಕೆಂಪು ಗೆರೆಯ ಒಂದು ತುಂಡು ಮಾತ್ರ ಹೆಂಗಸಿನ ಜೊತೆ ಮನೆಗೆ ಹೋಯಿತು. ವೈದ್ಯರ ಚೀಟಿಯಿಲ್ಲದೆ ಇದನ್ನು ನುಂಗಬೇಡಿ ಎಂಬುದು ಆ ಗೆರೆಯ ಅರ್ಥ; 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದರ ಬಗ್ಗೆ ಪ್ರಚಾರಾಂದೋಲನವನ್ನೇ ನಡೆಸಿತ್ತು. ಈ ಗೆರೆ ಏನಪ್ಪಾ ಎಂದು ಹುಡುಗನನ್ನು ಕೇಳಿದೆ. "ಡಿಸೈನ್ ಸರ್" ಎಂದ.

ಡಿಸೈನೇ ಇರಬಹುದು. ಸೆಫಿಕ್ಸಿಮ್ ಸೇರಿದಂತೆ 46 ಔಷಧಗಳನ್ನು ಮಾರುವಾಗ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕೆಂದು 2014ರ ಮಾರ್ಚ್ 1ರಿಂದ ನಿಯಮವಿದೆ. ಶೆಡ್ಯೂಲ್ ಎಚ್1 ಎಂದು ಅದರ ಹೆಸರು. ಪುಸ್ತಕ ಇಲ್ಲವೆಂದು ನಾನು ಆರೋಪ ಮಾಡಲಾರೆ. ಇದೆ. ಟೇಬಲ್ ಫ್ಯಾನಿನ ಕೆಳಗಿದೆ. ಇಲ್ಲದಿದ್ದರೆ ಗಾಳಿ ಹುಡುಗನ ಮುಖಕ್ಕೆ ಸರಿಯಾಗಿ ಬರುವುದಿಲ್ಲ.

ಮೂರು ಮಾತ್ರೆಗಳ ವ್ಯಾಸಂಗದ ಫಲಿತಾಂಶ ನಮ್ಮ ಮನೆಗೇ ಬಂದಿದೆ. ಎರಡು ವರ್ಷ ಹೀಗೇ ಮೂರು ಮೂರು ನುಂಗಿದ ನಮ್ಮ ಅತ್ತಿಗೆಯ ಮೂತ್ರದ ಕಲ್ಚರ್ ರಿಪೋರ್ಟ್ ನೋಡಿದರೆ ಅಂಕಪಟ್ಟಿಯಂತಿತ್ತು. ನಾರ್‌ಫ್ಲಾಕ್ಸಸಿನ್: ಆರ್. ಸಿಪ್ರೊಫ್ಲಾಕ್ಸಸಿನ್: ಆರ್. ಸೆಫಿಕ್ಸಿಮ್: ಆರ್. "ಆರ್ ಎಂದರೆ ರ‍್ಯಾಂಕೇನೋ?" ಎಂದರು ಅತ್ತಿಗೆ. ಹೌದು, ರ‍್ಯಾಂಕೇ; ಬಂದಿರುವುದು ಮಾತ್ರ ಸೋಂಕು ತಂದ ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ. ಆರ್ ಎಂದರೆ ರೆಸಿಸ್ಟೆಂಟ್; ಆ ಔಷಧಕ್ಕೆ ಅದು ಜಗ್ಗುವುದಿಲ್ಲ. ಕೊನೆಯ ಸಾಲುಗಳಲ್ಲಿ ಎರಡು 'ಎಸ್' (ಸೆನ್ಸಿಟಿವ್, ಅಂದರೆ ಔಷಧ ಇನ್ನೂ ನಾಟುತ್ತದೆ) ಉಳಿದಿದ್ದವು: ನೈಟ್ರೋಫುರಾಂಟೊಯಿನ್ ಎಂಬ 1950ರ ದಶಕದ ಮುದುಕ, ಮತ್ತು ನೀರಿನಲ್ಲಿ ಕದಡಿ ಕುಡಿಯುವ ಫಾಸ್ಫೊಮೈಸಿನ್ ಪುಡಿ.

ಈ ಇ. ಕೋಲಿಯ ಸಂಘಟನಾ ಶಕ್ತಿಯನ್ನು ಮೆಚ್ಚಲೇಬೇಕು. ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಔಷಧ ಎದುರಿಸುವ ವಿದ್ಯೆಯನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದಲ್ಲಿ ಬರೆದಿಟ್ಟು, ಪರೀಕ್ಷಾ ಕೊಠಡಿಯಲ್ಲಿ ಚೀಟಿ ದಾಟಿಸಿದಂತೆ ಪಕ್ಕದವನಿಗೆ ದಾಟಿಸುತ್ತದೆ. ಪಕ್ಕದವನು ಬೇರೆ ಜಾತಿಯ ಕ್ಲೆಬ್ಸಿಯೆಲ್ಲಾ ಆಗಿದ್ದರೂ ಭೇದ ಮಾಡುವುದಿಲ್ಲ. ನಮ್ಮೂರಿನಲ್ಲಿ ಇಷ್ಟು ಜಾತ್ಯತೀತರು ಇನ್ನಾರೂ ಇಲ್ಲ.

ಕ್ಲೆಬ್ಸಿಯೆಲ್ಲಾ ಎಂದಾಗ ನೆನಪಾಯಿತು. 2008ರಲ್ಲಿ, ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ್ದ ಭಾರತ ಮೂಲದ ರೋಗಿಯೊಬ್ಬರ ಮೂತ್ರದಲ್ಲಿ ಸಿಕ್ಕಿದ್ದು ಇದೇ. ಕಾರ್ಬಪೆನೆಮ್ ಎಂಬ ಕೊನೆಯ ಅಸ್ತ್ರಗಳನ್ನೇ ತುಂಡರಿಸುವ ಅದರ ಕಿಣ್ವಕ್ಕೆ ವಿಜ್ಞಾನಿಗಳು ನ್ಯೂ ಡೆಲ್ಲಿಯ ಹೆಸರಿಟ್ಟರು. 2010ರಲ್ಲಿ ನಮಗೆ ಎಂಥ ಸಿಟ್ಟು ಬಂತು! ಬ್ಯಾಕ್ಟೀರಿಯಾದ ಮೇಲಲ್ಲ, ಹೆಸರಿನ ಮೇಲೆ. ನಮ್ಮ ವೈದ್ಯಕೀಯ ಪ್ರವಾಸೋದ್ಯಮದ ವಿರುದ್ಧ ಪಿತೂರಿ ಎಂದೆವು. ಮರುವರ್ಷ ದೆಹಲಿಯ 50 ನಲ್ಲಿ ನೀರಿನ ಮಾದರಿಗಳನ್ನು ಪರೀಕ್ಷಿಸಿದರೆ ಎರಡರಲ್ಲಿ ಅದೇ ಜೀನ್ ಇತ್ತು. ಪಿತೂರಿ ನಲ್ಲಿಯೊಳಗೂ ನುಗ್ಗಿತ್ತು ಎನ್ನಬೇಕು.

ಈಗ ತಪ್ಪೆಲ್ಲ ಕೋರ್ಸ್ ಮುಗಿಸದ ರೋಗಿಯದೇ ಎಂದು ಬುದ್ಧಿ ಹೇಳುವವರು ಬರುತ್ತಾರೆ. ಬರಲಿ. ಅವರನ್ನು ಒಂದು ದಿನ ಅತ್ತಿಗೆಯ ಜೊತೆ ಬಸ್ಸಿಗೆ ಹತ್ತಿಸುತ್ತೇನೆ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಉಚಿತ, ಒಳ್ಳೆಯದೇ ಆಯಿತು. ಇಳಿದ ನಿಲ್ದಾಣದ ಶೌಚಾಲಯದಲ್ಲಿ 'ಮೂತ್ರ ವಿಸರ್ಜನೆ ಉಚಿತ' ಎಂಬ ಫಲಕದ ಕೆಳಗೇ ಕುರ್ಚಿ ಹಾಕಿಕೊಂಡು ಕುಳಿತವನು ಹತ್ತು ರೂಪಾಯಿಗೆ ಕೈ ಚಾಚುತ್ತಾನೆ. ಗಂಡಸರು ಗೋಡೆ ನೋಡಿಕೊಳ್ಳುತ್ತಾರೆ. ಹತ್ತು ರೂಪಾಯಿ ಕೊಟ್ಟು ಒಳಗೆ ಹೋದರೆ ಬಾಗಿಲಿಗೆ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಕಾಲಿಡಲು ನೆಲವಿಲ್ಲ. ಅದಕ್ಕೇ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಗಂಟಲು ಒಣಗಿಸಿಕೊಂಡು, ಹೊಟ್ಟೆ ಬಿಗಿಹಿಡಿದು ದುಡಿಯುತ್ತಾರೆ. ಸೋಂಕು ಬಂದರೆ ವೈದ್ಯರ ಶುಲ್ಕ, ಲ್ಯಾಬಿನ ಶುಲ್ಕ, ವರದಿಗೆ ಎರಡು ದಿನ ಕಾಯುವುದು, ಅಷ್ಟೂ ದಿನದ ಕೂಲಿ. ಕತ್ತರಿಯ ಹುಡುಗ ಅಗ್ಗ. ಇದರಲ್ಲಿ ನಗುವಂಥದ್ದು ಏನಿದೆಯೋ ನನಗೆ ತಿಳಿಯದು.

ಅತ್ತಿಗೆಗೆ ವೈದ್ಯರು ಧಾರಾಳವಾಗಿ ನೀರು ಕುಡಿಯಲು ಹೇಳಿದ್ದಾರೆ. ಅವರು ದಿನಾ ಬೆಳಿಗ್ಗೆ ಬಾಟಲಿ ತುಂಬಿಸಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಸಂಜೆ ಅದು ಹಾಗೆಯೇ ತುಂಬಿಕೊಂಡು ವಾಪಸು ಬರುತ್ತದೆ. ಚೆಲ್ಲುವುದೇಕೆಂದು ತುಳಸಿ ಗಿಡಕ್ಕೆ ಹಾಕುತ್ತಾರೆ. ತುಳಸಿ ಬಹಳ ಚೆನ್ನಾಗಿ ಬಂದಿದೆ.