ಲೆದರ್ ಅಂತೆ, ಸೀಡರ್ ಅಂತೆ!

ನಿನ್ನೆ ರಾತ್ರಿ ತೀರ್ಥಹಳ್ಳಿಯ ತಂಗಿ ಮನೆಯಲ್ಲಿ ಅಡಿಕೆ ಸುಲಿತ. ಬೆಂಗಳೂರಿನಿಂದ ಬಂದಿದ್ದ ಅವಳ ಮಗನ ಗೆಳೆಯ ನಿಕರಾಗುವಾದ ಒಂದು ಸಿಗಾರ್ ಹಚ್ಚಿ ನನ್ನ ಕೈಗಿಟ್ಟ. ಆಮೇಲೆ ಶುರುವಾಯಿತು ನೋಡಿ ಪಾಠ. ‘ಅಂಕಲ್, ಲೆದರ್ ಸಿಗ್ತಾ? ಸೀಡರ್? ಕೊನೇಲಿ ಸ್ವಲ್ಪ ಡಾರ್ಕ್ ಚಾಕೊಲೇಟ್?’ ಮೊಬೈಲಿನಲ್ಲಿ ಬಣ್ಣಬಣ್ಣದ ಚಕ್ರ ಬೇರೆ. ಅದರ ತುಂಬ ರುಚಿಗಳ ಹೆಸರು, ಅವನ ಭಾಷೆಯಲ್ಲಿ ‘ನೋಟ್’.

‘ಹೂಂ, ಲೆದರ್ ಇದೆ’ ಅಂದೆ. ಅಪ್ಪಟ ಸುಳ್ಳು. ನನಗೆ ಸಿಕ್ಕಿದ್ದು ಬಚ್ಚಲೊಲೆಯ ಹೊಗೆ ಮಾತ್ರ. 52 ವರ್ಷದವನು 25ರ ಹುಡುಗನೆದುರು ದಡ್ಡ ಅನ್ನಿಸಿಕೊಳ್ಳುವುದು ಹೇಗೆ? ಅದೇ ರಾತ್ರಿಯಿಡೀ ಕೊರೆಯಿತು.

ಅವನು ಹೇಳಿಕೊಟ್ಟ ಕ್ರಮ ಸರಿಯಾಗೇ ಇತ್ತು, ಒಪ್ಪುತ್ತೇನೆ. ಹೊಗೆಯನ್ನು ಎದೆಗೆ ಎಳೆಯಬಾರದು. ನಿಮಿಷಕ್ಕೆ ಒಂದು ದಮ್ಮು ಸಾಕು, ಆತುರಪಟ್ಟರೆ ಬಿಸಿ ಜಾಸ್ತಿಯಾಗಿ ಬರೀ ಕಹಿ. ಬಾಯಲ್ಲಿ ಆಡಿಸಿ, ಒಂದು ಚೂರನ್ನು ಮೂಗಿನಿಂದ ಬಿಡಬೇಕು. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ ಅಂತ ನಾಲ್ಕೈದೇ. ಉಳಿದದ್ದೆಲ್ಲ ಮೂಗಿನ ಕೆಲಸ. ನೆಗಡಿಯಾದಾಗ ಸಾರು ಸಪ್ಪೆ ಅನ್ನಿಸುತ್ತದಲ್ಲ, ಹಾಗೆ. ಮೂಗಿನಿಂದ ಬಿಟ್ಟೆ, ಚುರ್ ಅಂತು. ‘ಅದು ಬ್ಲ್ಯಾಕ್ ಪೆಪ್ಪರ್ ಅಂಕಲ್!’ ಮಾರಾಯ, ನೀನು ಕೂತ ಜಗಲಿಯಿಂದ ಹತ್ತು ಹೆಜ್ಜೆಗೆ ಅಡಿಕೆ ಮರದ ಮೇಲೆ ಮೆಣಸಿನ ಬಳ್ಳಿ ಹಬ್ಬಿದೆ. ಅದನ್ನೂ ನೀನೇ ಪರಿಚಯ ಮಾಡಿಸಬೇಕಾ?

ನನ್ನ ಸಿಟ್ಟು ಇಷ್ಟೇ. ಹೊಸಬನಿಗೆ ಅವನ ಮೂಗಿಗೆ ಗೊತ್ತಿರುವ ವಾಸನೆಯಿಂದ ಶುರು ಮಾಡಿಸಿ. ಚಕ್ರದ ‘ಹೇ’ ಅಂದರೆ ನಮ್ಮ ಹುಲ್ಲುಗೊಣಬೆ. ‘ಬಾರ್ನ್‌ಯಾರ್ಡ್’ ಅಂತ ಹೊಗಳುತ್ತಾರಲ್ಲ, ಅದು ಕೊಟ್ಟಿಗೆ! ಆ ವಾಸನೆ ಹೊತ್ತು ಒಳಗೆ ಬಂದರೆ ಅಮ್ಮ ಬಚ್ಚಲಿಗೆ ಓಡಿಸುತ್ತಿದ್ದರು. ಸೀಡರ್ ಕಥೆ ಇನ್ನೂ ಚಂದ. ಸಿಗಾರ್ ಡಬ್ಬಿ ಮಾಡುವ ಸ್ಪ್ಯಾನಿಷ್ ಸೀಡರ್ ಮರ ನಿಜವಾದ ಸೀಡರ್ ಅಲ್ಲವೇ ಅಲ್ಲ. ನಮ್ಮ ಕಾಡಿನ ಗಂಧಗರಿಗೆಯ ಹತ್ತಿರದ ನೆಂಟ ಅದು. ಗಂಧಗರಿಗೆ ಹಲಗೆ ಕೊಯ್ಯುವಾಗ ಪಕ್ಕದಲ್ಲಿ ನಿಂತವನಿಗೆ ಚಕ್ರ ಯಾಕೆ?

ಎಲ್ಲರಿಗೂ ಅರ್ಥವಾಗುವ ಒಂದು ಭಾಷೆ ಬೇಕಲ್ವಾ, ಸಿಗಾರಿನ ಊರು ಹವಾನಾದವನಿಗೆ ಗೊಣಬೆ ಏನು ಗೊತ್ತು ಅನ್ನಬಹುದು. ಅವನು ನಮ್ಮ ಜಗಲಿಗೆ ಬಂದಾಗ ನೋಡೋಣ.

‘ಹೊಗೆಸೊಪ್ಪಿನ ಪ್ರಚಾರನಾ?’ ಅಂತ ಕೇಳುವವರಿಗೆ: ಎದೆಗೆ ಎಳೆಯದಿದ್ದರೂ ಬಾಯಿ ಕ್ಯಾನ್ಸರ್ ಬರಬಹುದು, ಗೊತ್ತು. ಅಡಿಕೆಯ ಮೇಲೂ ಅದೇ ದೂರಿದೆ. ಅದನ್ನು ಮಾರಿದ ದುಡ್ಡಿನಲ್ಲೇ ಓದಿದವನು ನಾನು. ಆ ಜಗಳ ಇನ್ನೊಂದು ದಿನ ಆಡೋಣ.

ಹುಡುಗ ಮಲಗಿದ ಮೇಲೆ ಆರಿಹೋಗಿದ್ದ ತುಂಡನ್ನು ಮತ್ತೆ ಹಚ್ಚಿದೆ. ಅಂಗಳದಲ್ಲಿ ಅಡಿಕೆ ಬೇಯಿಸಿದ ಹಂಡೆ ಇನ್ನೂ ಬೆಚ್ಚಗಿತ್ತು. ಚೊಗರಿನ ವಾಸನೆ ಯಾವುದು, ಸಿಗಾರಿನದು ಯಾವುದು ಅಂತ ಗೊತ್ತಾಗದೆ ಹಿತ್ತಲಿಗೆ ಹೋಗಿ ನಿಂತೆ. ಮೊದಲು ಖಾರ. ಆಮೇಲೆ ಸುಮ್ನೆ ಕಾದೆ. ಮೂರನೆಯ ದಮ್ಮು ಮೂಗಿನಿಂದ ಹೊರಬರುವಾಗ ಥಟ್ಟನೆ ಸಿಕ್ಕಿತು. ಮಳೆಗಾಲದಲ್ಲಿ ಅಪ್ಪ ತೋಟದಿಂದ ಬಂದು ಒಲೆ ಪಕ್ಕ ಹರವುತ್ತಿದ್ದ ಕಂಬಳಿ. ಒದ್ದೆ ಉಣ್ಣೆ, ಹೊಗೆ, ಎಲ್ಲೋ ಒಂಚೂರು ಜೋನಿಬೆಲ್ಲ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಕಣ್ಣಲ್ಲಿ ನೀರು ಬಂತು, ಹೊಗೆಗೆ ಅಂತಲೇ ಇಟ್ಟುಕೊಳ್ಳಿ.

ಬೆಳಿಗ್ಗೆ ಕಾಫಿಗೆ ಕೂತಾಗ ಹುಡುಗ ಕೇಳಿದ, ‘ರಾತ್ರಿ ಯಾವ ನೋಟ್ ಸಿಕ್ತು ಅಂಕಲ್?’

‘ಕಂಬಳಿ’ ಅಂದೆ.

ಈಗಲೂ ಚಕ್ರದಲ್ಲಿ ಹುಡುಕುತ್ತಿದ್ದಾನೆ.