ಫಾಲ್ ಕಲರ್ಸ್‌ಗೆ ತಾರೀಕು ನೋಡಬೇಡಿ, ಎತ್ತರ ನೋಡಿ

ಸೆಪ್ಟೆಂಬರ್ ಬಂತೆಂದರೆ ಬಾಸ್ಟನ್ ಸುತ್ತಮುತ್ತಲ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್‌ನಲ್ಲಿ ಎಲೆ ಬಣ್ಣದ ಪೀಕ್, ಅಂದರೆ ಪೂರ್ತಿ ರಂಗೇರುವ ಹೊತ್ತು, ಯಾವಾಗ? ಇದಕ್ಕೆ ಉತ್ತರ ಹುಡುಕುತ್ತಾ ಕೂತರೆ ರೂಮು ಸಿಗಲ್ಲ. ರೂಮು ಹಿಡಿಯಬೇಕಾದ್ದು ಜುಲೈನಲ್ಲಿ, ಎಲೆ ಬಣ್ಣ ತಿರುಗೋದು ಅಕ್ಟೋಬರ್‌ನಲ್ಲಿ. ಬುಕ್ ಮಾಡಿದ ಮೇಲೆ ತಾರೀಕು ಬದಲಿಸೋದು ಕಷ್ಟ, ಹೋಗುವ ದಾರಿ ಬದಲಿಸೋದು ಸುಲಭ. ಪ್ಲಾನ್ ಮಾಡಬೇಕಾದ್ದು ಅಲ್ಲಿಂದ.

ಬಣ್ಣ ಮೇಲಿಂದ ಕೆಳಕ್ಕೆ, ಉತ್ತರದಿಂದ ದಕ್ಷಿಣಕ್ಕೆ ಇಳಿದು ಬರುತ್ತದೆ. ಈ ಬೆಟ್ಟಗಳನ್ನು ದಾಟುವ ಕ್ಯಾಂಕಮಾಗಸ್ ಹೈವೇಯ ನೆತ್ತಿ 2,855 ಅಡಿ. ಪಶ್ಚಿಮ ತುದಿಯ ಲಿಂಕನ್ ಸುಮಾರು 800 ಅಡಿ, ಪೂರ್ವ ತುದಿಯ ಕಾನ್ವೇ 500ಕ್ಕಿಂತ ಕೆಳಗೆ. ಒಂದೇ ದಿನ, ಒಂದೇ ರಸ್ತೆಯಲ್ಲಿ ಮೇಲೆ ಎಲೆ ಉದುರಿ ಕೊಂಬೆ ಕಾಣುತ್ತಿದ್ದರೆ ಕೆಳಗೆ ಇನ್ನೂ ಅರ್ಧ ಹಸಿರು ಇರಬಹುದು. ಬೇಗ ಹೋದಿರೋ, ಮೇಲಿನ ಕಣಿವೆಗಳಲ್ಲಿ ಹೊತ್ತು ಕಳೆಯಿರಿ. ತಡವಾಯಿತೋ, ಸಾಕೊ ನದಿಯ ಬಯಲಿಗೆ ಇಳಿಯಿರಿ, ಇನ್ನೂ ದಕ್ಷಿಣಕ್ಕೆ ವಿನಿಪೆಸಾಕಿ ಸರೋವರದ ಕಡೆ ಬನ್ನಿ.

ಹೊಳಪು ಮಾತ್ರ ಹವೆಯ ಕೈಯಲ್ಲಿದೆ. ಹಗಲು ಕುಗ್ಗಿದ ಹಾಗೆ ಹಸಿರು ಬಣ್ಣದ ಕ್ಲೋರೋಫಿಲ್ ಒಡೆಯುತ್ತದೆ, ಬೇಸಿಗೆಯಿಡೀ ಒಳಗೇ ಇದ್ದ ಹಳದಿ ಹೊರಗೆ ಕಾಣುತ್ತದೆ. ಬರ್ಚ್, ಬೀಚ್ ಮರಗಳ ಕಥೆ ಅಷ್ಟೇ, ಹಾಗಾಗಿ ಹಳದಿ ಯಾವ ವರ್ಷವೂ ಪೂರ್ತಿ ಕೈಕೊಡಲ್ಲ. ಕೆಂಪು ಹಾಗಲ್ಲ. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಅದು ಹೊಸದಾಗಿ ತಯಾರಾಗಬೇಕು. ಅದಕ್ಕೆ ಒಳ್ಳೆ ಬಿಸಿಲಿನ ಹಗಲು, ಚಳಿಯಿದ್ದರೂ ಹಿಮಗಟ್ಟದ ರಾತ್ರಿ ಎರಡೂ ಬೇಕು. ಕೆಳಗೆ ಬಿದ್ದ ಮೇಪಲ್ ಎಲೆಯೊಂದನ್ನು ಎತ್ತಿ ನೋಡಿ. ಎಷ್ಟೋ ಸಲ ಕೆಂಪಿನ ನಡುವೆ ಹಳದಿ ತೇಪೆಯೊಂದು ಇರುತ್ತದೆ, ಅಂಚು ಕತ್ತರಿಸಿಟ್ಟ ಹಾಗೆ. ಮೇಲಿನ ಇನ್ನೊಂದು ಎಲೆಯ ನೆರಳು ಬಿದ್ದ ಜಾಗ ಅದು. ಬಿಸಿಲು ತಾಗಲಿಲ್ಲ, ಕೆಂಪು ಹುಟ್ಟಲಿಲ್ಲ. ರಾತ್ರಿಗಳು ಬೆಚ್ಚಗಿದ್ದರೆ ಇಡೀ ಬೆಟ್ಟವೇ ಮಂಕಾಗುತ್ತದೆ. ಮಳೆ ಕಡಿಮೆಯಾದ ವರ್ಷ ಎಲೆ ಬೇಗ ಉದುರುತ್ತದೆ, ಜಲಪಾತಗಳೂ ಸೊರಗಿರುತ್ತವೆ. ಆದ್ದರಿಂದ ಫೋರ್‌ಕಾಸ್ಟ್ ನಕ್ಷೆಗಳನ್ನು ತಿಂಗಳ ಮೊದಲೇ ನಂಬಬೇಡಿ. ಹೊರಡುವ ಹಿಂದಿನ ಎರಡು ಮೂರು ದಿನ ಆ ಊರುಗಳವರು ಹಾಕುವ ಫೋಟೋ ಸಾಕು.

ಕ್ಯಾಂಕಮಾಗಸ್ ಸುತ್ತ ಬಹುತೇಕ ವರ್ಷಗಳಲ್ಲಿ ಅಕ್ಟೋಬರ್‌ನ ಮೊದಲೆರಡು ವಾರ ಚೆನ್ನ. ತಪ್ಪಿಸಬೇಕಾದ್ದು ಎರಡನೇ ಸೋಮವಾರದ ಕೊಲಂಬಸ್ ಡೇ ಲಾಂಗ್ ವೀಕೆಂಡ್. ಕೆನಡಾದ ಥ್ಯಾಂಕ್ಸ್‌ಗಿವಿಂಗ್ ಕೂಡ ಅದೇ ಸೋಮವಾರ, ಆ ಕಡೆಯ ಕಾರುಗಳೂ ಇಲ್ಲೇ. ಫ್ರಾಂಕೋನಿಯಾ ನಾಚ್ ಎಂಬ ಕಣಿವೆ ದಾರಿಯಲ್ಲಿ ಐ-93 ಹೆದ್ದಾರಿ ಒಂದೊಂದೇ ಲೇನ್‌ಗೆ ಇಳಿಯುತ್ತದೆ. ಜಾಮ್ ಶುರುವಾಗೋದು ಅಲ್ಲೇ. ನಾರ್ತ್ ಕಾನ್ವೇಯ ರೂಟ್ 16 ಇನ್ನೂ ಮಜ: ರಾಜ್ಯದಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಔಟ್‌ಲೆಟ್ ಅಂಗಡಿಗಳಿಗೆ ಬಂದವರೂ ಎಲೆ ನೋಡಲು ಬಂದವರೂ ಒಂದೇ ಸಿಗ್ನಲ್‌ನಲ್ಲಿ ನಿಂತಿರುತ್ತಾರೆ. ರಜೆ ಸಿಕ್ಕರೆ ಸೋಮವಾರ ಬಿಟ್ಟು ಮಂಗಳವಾರ, ಬುಧವಾರ ಹೋಗಿ.

ಎರಡು ದಿನ, ಒಂದು ರಾತ್ರಿ ಸಾಕು. ಸೂರ್ಯ ಬೆನ್ನಿಗಿರುವಂತೆ ಸುತ್ತು ಹಾಕಿ. ಬೆಳಿಗ್ಗೆ ಎಂಟಕ್ಕೆ ಬಾಸ್ಟನ್ ಬಿಟ್ಟರೆ ಸುಮಾರು 130 ಮೈಲಿ, ಲಿಂಕನ್ ಎಕ್ಸಿಟ್ 32. ಅಲ್ಲೇ ಟ್ಯಾಂಕ್ ತುಂಬಿಸಿ, ಮ್ಯಾಪ್ ಆಫ್‌ಲೈನ್ ಇಳಿಸಿಕೊಳ್ಳಿ. ಮುಂದೆ ಕ್ಯಾಂಕಮಾಗಸ್ ಹೈವೇಯ ಸುಮಾರು 35 ಮೈಲಿ ಪೆಟ್ರೋಲ್ ಬಂಕ್ ಇಲ್ಲ, ಹೋಟೆಲ್ ಇಲ್ಲ, ಹೆಚ್ಚಿನ ಕಡೆ ಫೋನ್ ಸಿಗ್ನಲ್ಲೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಪೂರ್ವಕ್ಕೆ ಹೊರಟರೆ ಬಿಸಿಲು ಕಣ್ಣಿಗೆ ಹೊಡೆಯಲ್ಲ, ಹೇರ್‌ಪಿನ್ ತಿರುವನ್ನೂ ಏರುತ್ತಲೇ ದಾಟುತ್ತೀರಿ. ನಿಲ್ಲಿಸದೆ ಓಡಿಸಿದರೆ ಒಂದು ಗಂಟೆ; ನಾಲ್ಕು ಗಂಟೆ ಇಟ್ಟುಕೊಳ್ಳಿ. ಸ್ಯಾಬಡೇ ಫಾಲ್ಸ್, ರಾಕಿ ಗಾರ್ಜ್ ಎರಡೂ ನಡಿಗೆ ಕಡಿಮೆ, ಊರಿಂದ ಬಂದ ಅಪ್ಪ ಅಮ್ಮನಿಗೂ ಆಗುತ್ತದೆ. ಪಾರ್ಕಿಂಗ್ ಪಾಸ್‌ನ ದುಡ್ಡನ್ನು ಕವರಿನಲ್ಲಿಟ್ಟು ಪೆಟ್ಟಿಗೆಗೆ ಹಾಕಬೇಕು, ಚಿಲ್ಲರೆ ನೋಟು ಜೊತೆಗಿರಲಿ. ಜಾಗ ಇಲ್ಲದಿದ್ದರೆ ಮುಂದಿನ ನಿಲ್ದಾಣಕ್ಕೆ ಹೋಗಿ. ಅರ್ಧ ಕಾರು ರಸ್ತೆ ಮೇಲೆ ಬಿಟ್ಟು ಫೋಟೋಕ್ಕೆ ಇಳಿಯೋದು ತೀರಾ ಅಪಾಯ. ಹಿಂದೆ ಬರುವವನ ಕಣ್ಣೂ ಬೆಟ್ಟದ ಮೇಲೇ ಇರುತ್ತದೆ.

ಸಂಜೆ ಐದರೊಳಗೆ ಕಾನ್ವೇ ಸೇರಿಬಿಡಿ. ಸೂರ್ಯ ಮುಳುಗೋದು ಆರೂಕಾಲು, ಆರೂವರೆಗೆ. ಜಿಂಕೆ ಜಾತಿಯ ದೈತ್ಯ ಪ್ರಾಣಿ ಮೂಸ್ ರಸ್ತೆಗೆ ಬರುವ ಹೊತ್ತೂ ಅದೇ. ಅದರ ಮೈ ಕಪ್ಪು, ಕಾಲು ಉದ್ದ. ಹೆಡ್‌ಲೈಟ್ ಕಾಲಿಗೆ ಬೀಳುತ್ತದೆ, ಕಣ್ಣು ಜಿಂಕೆಯದರಂತೆ ಹೊಳೆದು ಸುಳಿವು ಕೊಡಲ್ಲ. ಗುದ್ದಿದರೆ ದೇಹ ನೇರ ಗಾಜಿನ ಮೇಲೆ.

ಮಾರನೇ ದಿನ ರೂಟ್ 302 ಹಿಡಿದು ಬಾರ್ಟ್ಲೆಟ್, ಕ್ರಾಫರ್ಡ್ ನಾಚ್. ಸಿಲ್ವರ್ ಕ್ಯಾಸ್ಕೇಡ್ ರಸ್ತೆ ಬದಿಯಲ್ಲೇ ಕಾಣುತ್ತದೆ, ನಡೆಯುವುದೇ ಬೇಡ. ಮುಂದೆ ಬ್ರೆಟನ್ ವುಡ್ಸ್‌ನ ದೊಡ್ಡ ಬಿಳಿ ಹೋಟೆಲ್. ಐಎಂಎಫ್, ವಿಶ್ವಬ್ಯಾಂಕ್ ಹುಟ್ಟಿಗೆ ಕಾರಣವಾದ 1944ರ ಸಭೆ ನಡೆದದ್ದು ಅಲ್ಲೇ. ಟ್ವಿನ್ ಮೌಂಟನ್‌ನಲ್ಲಿ ರೂಟ್ 3ಕ್ಕೆ ತಿರುಗಿ ಫ್ರಾಂಕೋನಿಯಾ ನಾಚ್ ಮೂಲಕ ಮನೆ ಕಡೆ. ಫ್ಲೂಮ್ ಗಾರ್ಜ್ ನೋಡುವುದಿದ್ದರೆ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದಿಡಿ. ಅಲ್ಲೇ ಇರುವ ಬಂಡೆ ತುದಿ ಆರ್ಟಿಸ್ಟ್ಸ್ ಬ್ಲಫ್‌ನ ಫೋಟೋ ಎಲ್ಲರ ಪ್ರೊಫೈಲ್‌ನಲ್ಲೂ ಇದೆ ಅಂತ ಮಧ್ಯಾಹ್ನ ಪಾರ್ಕಿಂಗ್ ಹುಡುಕಬೇಡಿ. ಅದು ಮುಂಜಾನೆ ಬರುವವರ ಜಾಗ, ನನ್ನ ಲೆಕ್ಕದಲ್ಲಿ ಈ ಸುತ್ತಿನಲ್ಲಿ ಬಿಟ್ಟರೂ ನಷ್ಟವಿಲ್ಲ.

ಮೋಡ ಕವಿದಿದೆ ಅಂತ ಟ್ರಿಪ್ ಕ್ಯಾನ್ಸಲ್ ಮಾಡಬೇಡಿ. ಮೋಡದ ಬೆಳಕಿನಲ್ಲಿ, ಒದ್ದೆ ಮರದಲ್ಲಿ ಬಣ್ಣ ಇನ್ನೂ ಗಾಢ. ಕೆಡಿಸೋದು ಗಾಳಿ, ಒಂದು ರಾತ್ರಿ ಬೀಸಿದರೆ ಮೇಲಿನ ಮರಗಳು ಖಾಲಿ. ಒದ್ದೆ ಎಲೆ ಹಾಸಿದ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಟೈರ್ ಜಾರುತ್ತದೆ, ತಿರುವಿಗೆ ಮುಂಚೆಯೇ ನಿಧಾನ ಮಾಡಿ. ಇಳಿಜಾರಿನಲ್ಲಿ ಲೋ ಗೇರ್‌ಗೆ ಹಾಕಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಕಾದು ಹಿಡಿತ ತಪ್ಪುತ್ತದೆ.

ಊಟಕ್ಕೆ ಪುಳಿಯೋಗರೆ, ಚಪಾತಿ, ಮೊಸರನ್ನ ಕಟ್ಟಿಕೊಳ್ಳಿ, ಎರಡನೇ ದಿನಕ್ಕೆ ಗೊಜ್ಜವಲಕ್ಕಿ. ಸಣ್ಣ ಊರುಗಳಲ್ಲಿ ರಾತ್ರಿ ಅಡುಗೆಮನೆ ಬೇಗ ಮುಚ್ಚುತ್ತದೆ, ಸಸ್ಯಾಹಾರ ಅಂದರೆ ಪಿಜ್ಜಾ ಅಥವಾ ಫ್ರೈಸ್. ನೆತ್ತಿಯಲ್ಲಿ ಬೆಳಗಿನ ಚಳಿ ಸೊನ್ನೆ ಸೆಲ್ಸಿಯಸ್‌ನ ಹತ್ತಿರ ಹೋಗಬಹುದು, ಟೊಪ್ಪಿ, ಕೈಗವಸು ಎಲ್ಲರಿಗೂ. ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಟೈರ್ ಗಾಳಿ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಬೆಳಿಗ್ಗೆ ಡ್ಯಾಶ್‌ಬೋರ್ಡ್‌ನಲ್ಲಿ ಟೈರ್ ಗಾಳಿಯ ಹಳದಿ ದೀಪ ಹತ್ತಿದರೆ ಗಾಬರಿ ಬೇಡ. ಪಂಕ್ಚರ್ ಇಲ್ಲವೆಂದು ಒಮ್ಮೆ ನೋಡಿ, ಟೈರ್ ತಣ್ಣಗಿರುವಾಗಲೇ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಬರೆದಷ್ಟು ಗಾಳಿ ತುಂಬಿಸಿ ಹೊರಡಿ.