ಸಾರ್, ಕ್ಯಾಶ್ ಸಿಕ್ತಾ?

ಜಯನಗರದಲ್ಲಿ ನಮ್ಮ ಮನೆ ಹತ್ತಿರ ಒಂದು ಸಣ್ಣ ಪಾರ್ಕಿದೆ. ಅಲ್ಲೊಂದು ಹೊಂಗೆ ಮರ, ಅದರ ಕೆಳಗೆ ಒಂದು ಕಲ್ಲುಬೆಂಚು. ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಗ್ಗೆ ಐವತ್ತು ದಾಟಿದ ನಾನು ಆ ಬೆಂಚಿನ ಕೆಳಗೆ ತಲೆ ತೂರಿಸಿಕೊಂಡು, ಮೊಣಕಾಲೂರಿ ಕೂತಿದ್ದೆ. ಪಾರ್ಕಿನ ವಾಚ್‌ಮನ್ ಬಂದು ಹಿಂದೆ ನಿಂತರು. "ಏನ್ ಸಾರ್, ಏನಾದ್ರೂ ಬೀಳಿಸ್ಕೊಂಡ್ರಾ?" ಅಂದರು. ತಕ್ಷಣಕ್ಕೆ ಸುಳ್ಳು ಹೊಳೆಯಲಿಲ್ಲ. "ಇಲ್ಲ, ಕ್ಯಾಶ್ ಹುಡುಕ್ತಾ ಇದೀನಿ" ಅಂದೆ.

"ಅಯ್ಯೋ, ಎಷ್ಟಿತ್ತು ಸಾರ್?"

ಅಷ್ಟು ಹೊತ್ತಿಗೆ ವಾಕಿಂಗಿಗೆ ಬಂದ ಇಬ್ಬರು ನಿಂತರು. ಯೋಗದ ಚಾಪೆ ಸುತ್ತುತ್ತಿದ್ದ ಒಬ್ಬರು ಹೆಂಗಸು, ಈಗೆಲ್ಲ ಫೋನಲ್ಲೇ ದುಡ್ಡು ಕೊಡ್ತಾರಲ್ಲ, ನೀವ್ಯಾಕೆ ಕ್ಯಾಶ್ ಇಟ್ಕೊಂಡು ಪಾರ್ಕಿಗೆ ಬಂದಿರಿ ಅಂತ ಬೈದೇಬಿಟ್ಟರು. ಒಬ್ಬರು ಹಿರಿಯರು ಊರುಗೋಲಿನಿಂದ ಒಣಗಿದ ಎಲೆಯನ್ನೆಲ್ಲ ಕೆದಕಿ ಕೆದಕಿ ನೋಡಿದರು. ಆರು ಜನ ಸೇರಿ ಇಪ್ಪತ್ತು ನಿಮಿಷ ನನ್ನ ಇಲ್ಲದ ದುಡ್ಡು ಹುಡುಕಿದೆವು. ನಾನೂ ಹುಡುಕಿದೆ, ಇನ್ನೇನು ಮಾಡಲಿ.

ವಿಷಯ ಏನಪ್ಪಾ ಅಂದರೆ ಅದು ದುಡ್ಡಿನ ಕ್ಯಾಶ್ ಅಲ್ಲ, ಜಿಯೋಕ್ಯಾಶಿಂಗಿನ ಕ್ಯಾಶ್. ಯಾರೋ ಒಂದು ಡಬ್ಬಿಯೊಳಗೆ ಕಾಗದ ಇಟ್ಟು ಎಲ್ಲೋ ಬಚ್ಚಿಡುತ್ತಾರೆ. ಆ ಜಾಗದ ಅಕ್ಷಾಂಶ ರೇಖಾಂಶ ಆಪಿನಲ್ಲಿ ಹಾಕುತ್ತಾರೆ. ಇನ್ಯಾರೋ ಫೋನು ಹಿಡಿದು ಹೋಗಿ ಹುಡುಕಿ, ಕಾಗದದ ಮೇಲೆ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಬಹುಮಾನ ಗಿಹುಮಾನ ಏನೂ ಇಲ್ಲ. ಚಿಕ್ಕಂದಿನಲ್ಲಿ ಆಡಿದ ಕಣ್ಣಾಮುಚ್ಚಾಲೆಯೇ, ಅಡಗಿಕೊಂಡವನು ಮನೆಗೆ ಹೋಗಿಬಿಟ್ಟಿರುತ್ತಾನೆ ಅಷ್ಟೇ.

ಶುರುವಾಗಿದ್ದು ಅಮೆರಿಕಾದಲ್ಲಿ. ಜನಸಾಮಾನ್ಯರಿಗೆ ಸಿಗುತ್ತಿದ್ದ ಜಿಪಿಎಸ್ ಸಿಗ್ನಲ್ಲನ್ನು ಅಲ್ಲಿನ ಸರ್ಕಾರ ಬೇಕಂತಲೇ ಕೆಡಿಸಿ ಕೊಡುತ್ತಿತ್ತು. ನೂರು ಮೀಟರ್ ಅತ್ತಿತ್ತ ಆಗುತ್ತಿತ್ತು. 2000ನೇ ಇಸವಿ ಮೇ ತಿಂಗಳ ಶುರುವಿನಲ್ಲಿ ಆ ಕಿತಾಪತಿ ನಿಲ್ಲಿಸಿದರು. ಮೇ 3ಕ್ಕೆ ಡೇವ್ ಅಲ್ಮರ್ ಅನ್ನುವವರು, ಇದು ಎಷ್ಟು ಸರಿಯಾಗಿ ತೋರಿಸುತ್ತೆ ನೋಡೇಬಿಡೋಣ ಅಂತ, ಆರೆಗಾನ್ ರಾಜ್ಯದ ಒಂದು ಕಾಡುದಾರಿ ಪಕ್ಕ ಒಂದು ಬಕೆಟ್ ಇಟ್ಟರು. ಅದರಲ್ಲಿ ಪುಸ್ತಕ, ವಿಡಿಯೋ ಕ್ಯಾಸೆಟ್ಟು, ಒಂದು ಕವಣೆ, ಒಂದು ಡಬ್ಬಿ ಬೀನ್ಸ್ ಕಾಳು ಎಲ್ಲ ಇತ್ತಂತೆ. ಮೂರೇ ದಿನದಲ್ಲಿ ಇಬ್ಬರು ಹೋಗಿ ಹುಡುಕಿಬಿಟ್ಟರು. ಈಗ ಪ್ರಪಂಚದಲ್ಲಿ ಇಂಥ ಡಬ್ಬಿಗಳು 30 ಲಕ್ಷಕ್ಕೂ ಜಾಸ್ತಿ ಇವೆ. ಆ ಇಬ್ಬರಿಗೆ ತಮ್ಮದು ಎಷ್ಟನೇ ಡಬ್ಬಿ ಅನ್ನೋ ಲೆಕ್ಕ ಇಡುವ ಕೆಲಸವೇ ಇರಲಿಲ್ಲ, ಇದ್ದಿದ್ದೇ ಒಂದು ಬಕೆಟ್ಟು.

ಲೆಕ್ಕ ಅಂದರೆ ನಮ್ಮ ಅಕ್ಕನ ಮಗ. ಈ ಹುಚ್ಚು ನನಗೆ ಹತ್ತಿಸಿದವನೇ ಅವನು. ಅಮೆರಿಕಾದಲ್ಲಿದ್ದಾನೆ, ಹೋದ ಡಿಸೆಂಬರಿನಲ್ಲಿ ಬಂದಿದ್ದ. ಬಂದವನು ಕಾಫಿ ಲೋಟ ಕೆಳಗಿಡುವ ಮುಂಚೆ ಕೇಳಿದ್ದು, "ನಿಂದು ಎಷ್ಟಾಯ್ತು ಮಾಮ?"

"ನಲವತ್ತಾರು."

"ಸಾವಿರದ ನಲವತ್ತಾರಾ?"

"ಬರೀ ನಲವತ್ತಾರು ಕಣೋ."

ಅವನದು ಹನ್ನೊಂದು ಸಾವಿರ ದಾಟಿದೆ. ಹೇಗೋ ಅಂದರೆ ವಿವರಿಸಿದ. ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ಅಂತರ ಇರಬೇಕು ಅನ್ನೋದು ಆಟದ ನಿಯಮ. ಸರಿ, ಅಲ್ಲಿನವರು ಏನು ಮಾಡುತ್ತಾರೆ, ಖಾಲಿ ರಸ್ತೆ ಹಿಡಿದು 161 ಮೀಟರಿಗೊಂದು, 161 ಮೀಟರಿಗೊಂದು ಅಂತ ಡಬ್ಬಿ ಇಡುತ್ತಾ ಹೋಗುತ್ತಾರೆ. ನೆವಾಡಾದ ಮರುಭೂಮಿಯಲ್ಲಿ ಇ.ಟಿ. ಹೈವೇ ಅಂತ ಒಂದು ರಸ್ತೆಯಿದೆ, ಅದರ ಬದಿಗೇ ಹೀಗೆ ಸಾವಿರಕ್ಕೂ ಮೇಲೆ ಇಟ್ಟಿದ್ದಾರೆ. ಇವನು ಮೂರು ಜನ ಸ್ನೇಹಿತರ ಜೊತೆ ಹೋಗಿದ್ದನಂತೆ. ಒಬ್ಬ ಕಾರು ಓಡಿಸೋದು, ಒಬ್ಬ ಇಳಿದು ಓಡೋದು, ಒಬ್ಬ ಕಾರಿನಲ್ಲೇ ಕೂತು ಕಾಗದಕ್ಕೆ ಠಸ್ಸೆ ಒತ್ತೋದು, ಇನ್ನೊಬ್ಬ ಲೆಕ್ಕ ಬರೆಯೋದು. ಡಬ್ಬಿ ತೆರೆದು ಕಾಗದ ತೆಗೆಯೋಕೂ ಪುರುಸೊತ್ತಿಲ್ಲ. ಈ ಡಬ್ಬಿ ಎತ್ತಿಕೊಂಡು ಆಗಲೇ ಠಸ್ಸೆ ಬಿದ್ದಿರುವ ಹಿಂದಿನ ಡಬ್ಬಿ ಅಲ್ಲಿಟ್ಟು ಓಡಿಬರೋದು. ಸಾಯಂಕಾಲಕ್ಕೆ ನಾಲ್ಕುನೂರು ಚಿಲ್ಲರೆ.

"ಆ ರಸ್ತೆ ಹೇಗಿತ್ತೋ?" ಅಂದೆ.

ಸ್ವಲ್ಪ ಹೊತ್ತು ಯೋಚಿಸಿದ. "ನೇರವಾಗಿತ್ತು" ಅಂದ.

ನಾನು ನಕ್ಕೆ. ಹಾಗಂತ ನನಗೇನು ದೊಡ್ಡ ವೈರಾಗ್ಯ ಅಂತಲ್ಲ. ಬೆಂಗಳೂರಿನಲ್ಲಿ ಯಾರಿಗೂ ಸಂಖ್ಯೆಯ ಹುಚ್ಚು ಹಿಡಿಯೋಕೆ ಸಾಧ್ಯವೇ ಇಲ್ಲ. ಡಬ್ಬಿಗಳಿರುವುದೇ ಕಡಿಮೆ. ಒಂದು ದಕ್ಷಿಣಕ್ಕಿದ್ದರೆ ಇನ್ನೊಂದು ಯಲಹಂಕದ ಕಡೆ, ಮಧ್ಯೆ ಸಿಲ್ಕ್ ಬೋರ್ಡೋ ಹೆಬ್ಬಾಳವೋ ಏನೋ ಒಂದು ಅಡ್ಡ. 161 ಮೀಟರ್ ಅಂದರೆ ನಮಗೆ ಒಂದು ಸಿಗ್ನಲ್ಲು, ಕೆಲವು ಸಲ ಅರ್ಧ. ಅಲ್ಲದೆ ವಾರಸುದಾರರಿಲ್ಲದ ಡಬ್ಬಿ ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ ಅಂತ ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಹೇಳುವ ಊರಿದು, ಕಂಡಕಂಡಲ್ಲಿ ಇಡೋಕಾಗುತ್ತಾ? ಇಟ್ಟರೂ ಕಸ ಗುಡಿಸುವವರು ಗುಡಿಸಿಕೊಂಡು ಹೋಗುತ್ತಾರೆ, ಅದು ಅವರ ಕೆಲಸ, ತಪ್ಪೇನಿಲ್ಲ. ಈ ಆಟ ಗೊತ್ತಿಲ್ಲದವರನ್ನು ಆಡುವವರು ಮಗಲ್ ಅಂತ ಕರೆಯುತ್ತಾರೆ, ಅವರ ಕಣ್ಣಿಗೆ ಬೀಳದ ಹಾಗೆ ಹುಡುಕಬೇಕು. ಬೆಂಗಳೂರಿನಲ್ಲಿ ಯಾರ ಕಣ್ಣಿಗೂ ಬೀಳದ ಹಾಗೆ ಮೂಗು ತುರಿಸಿಕೊಳ್ಳೋಕೂ ಆಗಲ್ಲ.

ನಮ್ಮಜ್ಜಿ ರಾಮಕೋಟಿ ಬರೆಯುತ್ತಿದ್ದರು. ಗಾಂಧಿಬಜಾರಿನಿಂದ ತಂದ ಚೌಕುಳಿ ಪುಸ್ತಕ, ಒಂದೊಂದು ಚೌಕದಲ್ಲಿ ಒಂದೊಂದು ಶ್ರೀರಾಮ, ಪುಟದ ಕೊನೆಗೆ ಒಟ್ಟು ಲೆಕ್ಕ. ಒಂದು ಸಂಜೆ ಬರೆಯುತ್ತಿದ್ದ ಹಾಗೇ ಕರೆಂಟು ಹೋಯಿತು. ಅಜ್ಜಿ ನಿಲ್ಲಿಸಲಿಲ್ಲ. ಕರೆಂಟು ಬಂದ ಮೇಲೆ ನೋಡಿದರೆ ಒಂದೇ ಚೌಕದೊಳಗೆ ಮೂರು ರಾಮ, ಪಕ್ಕದ್ದು ಖಾಲಿ, ಒಂದಿಷ್ಟು ಪುಸ್ತಕದಿಂದಾಚೆ ಮಣೆಯ ಮೇಲೆ. "ಈ ಪುಟ ಲೆಕ್ಕಕ್ಕಿಲ್ಲ ಅಲ್ವಾ ಅಜ್ಜಿ?" ಅಂದೆ. "ಯಾಕಿಲ್ಲ, ನಾನು ಬರೆದಿಲ್ವಾ" ಅಂತ ಸೇರಿಸಿಕೊಂಡರು. ಮಣೆಯ ಮೇಲಿನವನ್ನೂ! ತಾತ ಹೋದ ಮುಂದಿನ ತಿಂಗಳು ಶುರು ಮಾಡಿದ ಪುಸ್ತಕ ಅದು ಅನ್ನುವುದು ನನಗೆ ಎಷ್ಟೋ ವರ್ಷದ ಮೇಲೆ ಲೆಕ್ಕಕ್ಕೆ ಬಂತು.

ಅಕ್ಕನ ಮಗನನ್ನೂ ಒಂದು ರಾತ್ರಿ ಊಟ ಆದ ಮೇಲೆ ಕೇಳಿದೆ, ಏನಕ್ಕೋ ಇಷ್ಟೊಂದು ಅಂತ. ಹೊಸದಾಗಿ ಆ ಊರಿಗೆ ಹೋದಾಗ ಯಾರೂ ಪರಿಚಯ ಇರಲಿಲ್ಲವಂತೆ. ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲೆ. ಆಫೀಸಿನಿಂದ ಬಂದು ಗೋಡೆ ನೋಡಿಕೊಂಡು ಕೂರುವ ಬದಲು ದಿನಕ್ಕೊಂದು ಡಬ್ಬಿ ಅಂತ ಹಟ ಹಿಡಿದನಂತೆ. "ಆಗ ಎಣಿಸೋಕೆ ಬೇರೆ ಏನೂ ಇರಲಿಲ್ಲ ಮಾಮ" ಅಂದ. ಆಮೇಲೆ ನಾನು ಆ ನೇರ ರಸ್ತೆಯ ಜೋಕು ಮತ್ತೆ ಹೇಳಲಿಲ್ಲ.

ಆದರೂ ಒಂದು ವಿಷಯ. ದುಡ್ಡು ಕಟ್ಟಿದ ಸದಸ್ಯರಿಗೆ ಹತ್ತು ಡಬ್ಬಿ ಸಿಕ್ಕರೆ ಒಂದು ಮೆಚ್ಚುಗೆ ಪಾಯಿಂಟ್ ಕೊಡುತ್ತಾರೆ. ಸಿಕ್ಕಿದ್ದರಲ್ಲಿ ತುಂಬಾ ಹಿಡಿಸಿದ್ದಕ್ಕೆ ಅದನ್ನು ಹಾಕಬಹುದು. ಇವನ ಹತ್ತಿರ ಸಾವಿರದ ನೂರು ಸೇರಿದೆ, ಖರ್ಚು ಮಾಡಿರುವುದು ಎಂಬತ್ತೋ ತೊಂಬತ್ತೋ. ಉಳಿದದ್ದು ಯಾಕೆ ಹಾಗೇ ಇಟ್ಟಿದ್ದೀಯಾ ಅಂದರೆ, "ಯಾವುದಕ್ಕೆ ಕೊಡೋದು ಅಂತ ನೆನಪೇ ಆಗಲ್ಲ" ಅಂದ. ನನಗಿರುವುದು ನಾಲ್ಕೇ ನಾಲ್ಕು. ಮದುವೆಗೆ ಇಟ್ಟ ಚಿನ್ನದ ಹಾಗೆ ಕಾಪಾಡಿಕೊಂಡಿದ್ದೇನೆ. ಒಂದನ್ನು ಮಾತ್ರ ಹಿಂದುಮುಂದು ನೋಡದೆ ಕೊಟ್ಟೆ, ಊರಾಚೆ ಕೆರೆ ಏರಿಯ ಮೇಲೆ ಸಿಕ್ಕ ಡಬ್ಬಿಗೆ. ಬೆಳಗ್ಗೆ ಆರೂವರೆ, ನೀರಿನ ಮೇಲೆ ಮಂಜು, ಒಬ್ಬ ಹುಡುಗ ಹಸು ಹೊಡೆದುಕೊಂಡು ಹೋಗುತ್ತಾ ನನ್ನನ್ನು ಅನುಮಾನದಿಂದ ನೋಡಿದ. ಕಲ್ಲುಸಂದಿಯಲ್ಲಿ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಒಳಗೆ ಒಂದು ಗಾಜಿನ ಬಳೆ, ಲೂಡೋ ಕಾಯಿ, ಐದು ಪೈಸೆ. ಒಂದು ತಗೊಂಡರೆ ಒಂದು ಇಡಬೇಕು ಅನ್ನೋದು ಆ ಬಕೆಟ್ಟಿನ ಕಾಲದಿಂದ ಬಂದ ಪದ್ಧತಿ. ಐದು ಪೈಸೆ ತಗೊಂಡೆ, ಚನ್ನಪಟ್ಟಣದ ಒಂದು ಬುಗುರಿ ಇಟ್ಟೆ. ಹುಡುಗ ವಾಪಸ್ ಬಂದ. ಬುಗುರಿ ನೋಡಿದ. ಅದು ಈಗ ಡಬ್ಬಿಯಲ್ಲಿ ಇಲ್ಲ ಅಂತ ನನಗೆ ನೂರಕ್ಕೆ ನೂರು ಗೊತ್ತು.

ವಿಚಿತ್ರ ಅಂದರೆ ನಲವತ್ತಾರರಲ್ಲಿ ಇಷ್ಟು ಚೆನ್ನಾಗಿ ನೆನಪಿರುವುದು ಇನ್ನೊಂದು ಐದಾರು. ಸಿಗದೇ ಇದ್ದವು ಹತ್ತೊಂಬತ್ತು, ಅಷ್ಟೂ ನೆನಪಿವೆ. ಸಿಕ್ಕರೆ ಮ್ಯಾಪಿನಲ್ಲಿ ಹಳದಿ ನಗುಮುಖ ಬರುತ್ತೆ. ಆ ಜಾಗದ ಕೆಲಸ ಮುಗಿಯಿತು, ಇನ್ನು ಆ ಕಡೆ ತಲೆ ಹಾಕಬೇಕಾಗಿಲ್ಲ. ಸಿಗದಿದ್ದರೆ ನೀಲಿ ಅಳುಮುಖ. ಅದು ಮ್ಯಾಪು ತೆರೆದಾಗಲೆಲ್ಲ, ಕೊಟ್ಟ ಸಾಲ ವಾಪಸ್ ಕೇಳೋಕೆ ಬಂದವರ ಹಾಗೆ ಮುಖ ಮಾಡಿಕೊಂಡು ಕೂತಿರುತ್ತೆ.

ಬೇಗೂರಿನದು ಹಾಗೆ. ಕೆರೆ ಹತ್ತಿರ ಒಂದು ಗಂಟೆ ಹುಡುಕಿದೆ, ಮುಳ್ಳು ತರಚಿಕೊಂಡಿದ್ದು ಬಂತು. ಬಂದ ದಾರಿಗೆ ಸುಂಕವಿಲ್ಲ ಅಂತ ಹೊರಟವನು, ಬಿಸಿಲು ಜಾಸ್ತಿ ಆಯಿತಲ್ಲ, ಸುಮ್ನೆ ನೆರಳಿಗೆ ಅಂತ ನಾಗೇಶ್ವರನ ಗುಡಿಯೊಳಗೆ ಹೋದೆ. ಅಲ್ಲಿದೆ ಆ ಕಲ್ಲು. ಸುಮಾರು 890ರದ್ದು. ಬೆಂಗಳೂರಿನ ಕಾಳಗದಲ್ಲಿ ಸತ್ತವರ ನೆನಪಿಗೆ ಬರೆಸಿದ್ದು. ಕೆಂಪೇಗೌಡರಿಗಿಂತ ಆರು ಶತಮಾನ ಮುಂಚೆ, ಬೆಂದ ಕಾಳಿನ ಕಥೆಗೂ ಮುಂಚೆ, ಯಾರೋ ಒಬ್ಬ ಉಳಿ ಹಿಡಿದು ನಮ್ಮೂರಿನ ಹೆಸರು ಕೆತ್ತಿದ್ದಾನೆ. ಹುಟ್ಟಿದಾಗಿನಿಂದ ಈ ಊರಿನಲ್ಲೇ ಇರುವ ನಾನು ಅದನ್ನು ಮೊದಲ ಸಲ ನೋಡಿದ್ದು ಅವತ್ತು, ಅದೂ ಬೆರಳುದ್ದದ ಡಬ್ಬಿಯೊಂದು ಸಿಗಲಿಲ್ಲ ಅಂತ. ಹಳಗನ್ನಡದ ಅಕ್ಷರ ನನಗೆ ಓದೋಕೆ ಬರಲ್ಲ. ಸುಮ್ಮನೆ ನೋಡುತ್ತಾ ಅರ್ಧ ಗಂಟೆ ನಿಂತಿದ್ದೆ. ಮನೆಗೆ ಬಂದು ಆಪಿನಲ್ಲಿ 'ಸಿಗಲಿಲ್ಲ' ಅಂತ ಒತ್ತಿದೆ. ಆಮೇಲೆ ಎರಡು ಸಲ ಹೋಗಿದ್ದೇನೆ. ಡಬ್ಬಿ ಇನ್ನೂ ಸಿಕ್ಕಿಲ್ಲ. ಮೊದಲ ಸಲವೇ ಸಿಕ್ಕಿದ್ದರೆ ಫೋಟೋ ಹೊಡೆದು, ಮೇನ್ ರೋಡಿನಲ್ಲಿ ಒಂದು ದೋಸೆ ತಿಂದು ಬಂದುಬಿಡುತ್ತಿದ್ದೆ.

ಜಯನಗರದ ಕಲ್ಲುಬೆಂಚಿನದೂ ನೀಲಿಮುಖವೇ. ಆರು ಸಲ ಹೋಗಿದ್ದೆ. ಊರಿಗೆ ಬಂದಿದ್ದ ಅಕ್ಕನ ಮಗ ತೋರಿಸ್ತೀನಿ ಬಾ ಅಂತ ಕರೆದುಕೊಂಡು ಹೋದ. ಹತ್ತು ನಿಮಿಷ ಚಕಚಕ ನೋಡಿದ. ಬೆಂಚು, ಹೊಂಗೆ ಮರದ ಪೊಟರೆ, ತಂತಿಬೇಲಿಯ ಕಂಬ. ಸಿಗಲಿಲ್ಲ. ಆಗ ಜೇಬಿನಿಂದ ಹಳೇ ಫೋಟೋ ರೀಲಿನ ಡಬ್ಬಿಯೊಂದನ್ನು ತೆಗೆದ. ಒಳಗೊಂದು ಕಾಗದ ತುರುಕಿದ, ಹೆಸರು ಬರೆದ, ಬೆಂಚಿನ ಕಾಲಿನ ಹಿಂದೆ ಇಟ್ಟ. "ಸಿಕ್ತು ಮಾಮ, ನಡಿ" ಅಂದ.

"ಏನೋ ಇದು?"

"ಹಳೇದು ಕಳೆದುಹೋಗಿದೆ, ಅದಕ್ಕೆ ಹೊಸದು ಇಟ್ಟೆ. ಎಲ್ರೂ ಮಾಡ್ತಾರೆ."

ಎಲ್ಲರೂ ಮಾಡುವುದಿಲ್ಲ. ಇದರ ಬಗ್ಗೆ ಆಡುವವರಲ್ಲೇ ದೊಡ್ಡ ಜಗಳವಿದೆ, ನಾನು ಯಾವ ಕಡೆ ಅಂತ ಹೇಳಬೇಕಾಗಿಲ್ಲ ತಾನೆ. ಮನೆಯಲ್ಲೇ ಲಾಡು ಕಟ್ಟಿಕೊಂಡು ತಿಂದು ತಿರುಪತಿ ದರ್ಶನ ಆಯ್ತು ಅಂದ ಹಾಗಾಯಿತು ಅಂತ ರೇಗಿದೆ. ಅವನು ನಕ್ಕು, ನಿನ್ನ ಹೆಸರನ್ನೂ ಬರಿ ಅಂತ ಪೆನ್ನು ಕೊಟ್ಟ. ಪೆನ್ನು ತಗೊಂಡೆ ಅನ್ನೋದನ್ನೂ ಹೇಳಿಬಿಡುತ್ತೇನೆ. ಕ್ಯಾಪು ಕೂಡ ತೆಗೆದಿದ್ದೆ. ಆಮೇಲೆ ಅಜ್ಜಿಯ ಮಣೆ ಜ್ಞಾಪಕ ಬಂದು ನಗು ಬಂತು, ಬರೆಯಲಿಲ್ಲ.

ಅವನು ವಾಪಸ್ ಹೋಗಿ ಎರಡು ವಾರ ಆಗಿತ್ತು. ಭಾನುವಾರ ಪಾರ್ಕಿಗೆ ಹೋದೆ. ವಾಚ್‌ಮನ್ ಅದೇ ಬೆಂಚಿನ ಮೇಲೆ ಕೂತಿದ್ದರು. "ಸಾರ್, ಕ್ಯಾಶ್ ಸಿಕ್ತಾ?" ಅಂದರು. ಎರಡು ವರ್ಷದಿಂದ ಇದೇ ಅವರ ನಮಸ್ಕಾರ.

"ಇಲ್ಲ" ಅಂದೆ.

ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಶರ್ಟಿನ ಜೇಬಿನಿಂದ ಎಲೆ ತೆಗೆದು ತೊಡೆಗೆ ಒರೆಸಿದರು. ಆಮೇಲೆ ಒಂದು ಸಣ್ಣ ಕಪ್ಪು ಡಬ್ಬಿ ತೆಗೆದು, ಬೂದು ಮುಚ್ಚಳ ತೆರೆದು, ಬೆರಳು ಹಾಕಿ ಸುಣ್ಣ ಸವರಿದರು. ನಾನು ಆ ಡಬ್ಬಿಯನ್ನೇ ನೋಡುತ್ತಿದ್ದುದು ಅವರಿಗೆ ಗೊತ್ತಾಯಿತು.

"ನಿಮ್ ಹುಡುಗ ಅವತ್ತು ಇಲ್ಲೇ ಬೀಳಿಸ್ಕೊಂಡು ಹೋಗಿದ್ರು ಸಾರ್. ನೀವು ಬಂದಾಗ ಕೊಡೋಣ ಅಂತ ಇಟ್ಟಿದ್ದೆ. ಎರಡು ವಾರ ಬರಲೇ ಇಲ್ಲ ನೀವು. ಒಳಗೆ ಒಂದು ಚೀಟಿ ಇತ್ತು, ಬಿಸಾಕಿಬಿಟ್ಟೆ." ಸ್ವಲ್ಪ ಸಂಕೋಚ ಆಯಿತು ಅವರಿಗೆ. "ಬೇಕಾದ್ರೆ ತೊಳ್ಕೊಡ್ತೀನಿ."

"ಬೇಡ, ನೀವೇ ಇಟ್ಕೊಳ್ಳಿ" ಅಂದೆ.

ಎಲೆ ಮಡಿಸಿ ಬಾಯಿಗೆ ಹಾಕಿಕೊಂಡರು. ನನಗೂ ಒಂದು ಕೊಟ್ಟರು. ಸ್ವಲ್ಪ ಹೊತ್ತು ಅಗಿದು, "ಹಂಗಾದ್ರೆ ನೀವು ಹುಡುಕೋ ಡಬ್ಬಿ ಇದಲ್ಲ?" ಅಂದರು.

"ಅಲ್ಲ. ಅದು ಬೇರೆ."

"ಎಷ್ಟು ದಪ್ಪ ಇರತ್ತೆ?"

ಬೆರಳಿನಲ್ಲಿ ತೋರಿಸಿದೆ. ಅವರು ಎದ್ದರು, ಲುಂಗಿ ಮೇಲೆತ್ತಿ ಕಟ್ಟಿಕೊಂಡು, ಹೊಂಗೆ ಮರದ ಆ ಕಡೆಗೆ ಹೋಗಿ ಬಗ್ಗಿ ನೋಡತೊಡಗಿದರು.